ಎಳನೀರಿನ ಎಕಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಎಳನೀರನ್ನು ಅರಿಯದ ಗೃಹಸ್ಥರಿಲ್ಲ. ಆ ಮಾತಿನ ಮೊದಲಿಗೆ ಎಕಾರವೇಕೆ ಬಂದಿತೆಂದು ವಿಚಾರಿಸಿದವರು ಮಾತ್ರ ವಿರಳ. ತಮಿಳು ಗ್ರಂಥಗಳಲ್ಲಿ ಅದು ‘ಇಳನೀರ್’. ಅಲ್ಲಿಯ ‘ಇಲೈ’ ನಮಗೆ ‘ಎಲೆ’. ‘ಕುಡೈ’ ನಮಗೆ ‘ಕೊಡೆ’. ‘ಉಡಲ್’ ನಮಗೆ ‘ಒಡಲು’. ಇದಕ್ಕೆ ವ್ಯತಿರಿಕ್ತವಾಗಿ ಅಲ್ಲಿಯ ‘ಪೊಡಿ’ ನಮ್ಮಲ್ಲಿ ‘ಪುಡಿ’ಯಾಗಿದೆ.

ಇವು ಯಾದೃಚ್ಛಿಕವಾದ ಮಾರ್ಪಾಡುಗಳೆಂದು ಭಾವಿಸಲಾಗದು. ಮುಂದಿನ ಅಕ್ಷರದಲ್ಲಿ ಅಕಾರವೋ ಐಕಾರವೋ ಇದ್ದಲ್ಲಿ ಹಿಂದಿನ ಇ, ಉಗಳು ಎ, ಒಗಳಾಗಿ ಇಳಿಯುವುವು. ಮುಂದೆ ಇ, ಉಗಳಿದ್ದಲ್ಲಿ ಕನ್ನಡದ ಎ, ಒಗಳು ಇ, ಉಗಳಾಗಿ ಏರುವುವು. ಬರಲಿರುವ ಸ್ವರಕ್ಕೆ ನಾಲಗೆಯು ಮೊದಲೇ ಅಣಿಯಾಗುವುದೆನ್ನಬಹುದು. ಎರಡನೆಯ ಬಗೆಯ ಮಾರ್ಪಾಡು ಸುಮಾರು 8ನೆಯ ಶತಮಾನದಿಂದ ಕನ್ನಡದಲ್ಲಿ ಕಾಣಬರುವುದು.

ಈ ವಿಷಯವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರು ನಮ್ಮ ಸೀಮೆಯವರೇ ಆದ ತೀ. ನಂ. ಶ್ರೀಕಂಠಯ್ಯನವರು. ‘ತೀ’ ಎಂಬುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರವನ್ನು ಸೂಚಿಸುವುದು. 1906ರಲ್ಲಿ ಅವರು ಜನಿಸಿದುದು ಅಲ್ಲಿಯೇ. 1935ರಲ್ಲಿ ಮೈಸೂರಿನಲ್ಲಿ ನೆರೆದ 8ನೆಯ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ ಅವರು ಇ, ಉ, ಎ, ಒಗಳ ವ್ಯತ್ಯಯವನ್ನು ಕುರಿತು ಪ್ರಬಂಧವನ್ನು ಒಪ್ಪಿಸಿದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1958ರಲ್ಲಿ ತೆಲುಗಿನ ಭದ್ರಿರಾಜು ಕೃಷ್ಣಮೂರ್ತಿಗಳು ದಕ್ಷಿಣ ದ್ರಾವಿಡ ಭಾಷೆಗಳಲ್ಲಿ ಇದೇ ಸಮಸ್ಯೆಯನ್ನು ವಿಸ್ತರಿಸಿ ನೋಡಿದರು. ಇಂದಿಗೂ ದ್ರಾವಿಡ ಭಾಷಾಶಾಸ್ತ್ರವನ್ನು ಅಭ್ಯಸಿಸುವವರು ಆ ಹಳೆಯ ಪ್ರಬಂಧವನ್ನು ಸ್ಮರಿಸುವರು.

ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಮೈಸೂರಿನಲ್ಲಿಯೂ ಕನ್ನಡದ ಪ್ರಾಧ್ಯಾಪಕರಾಗಿದ್ದು 1966ರಲ್ಲಿ ನಿಧನ ಹೊಂದಿದರು. 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದಲೇ ಅವರನ್ನು ಬಲ್ಲವರು ಬಹುಮಂದಿ. ರಸಧ್ವನಿಗಳ ಸೂಕ್ಷ್ಮವನ್ನು ಬಲ್ಲ ಸಂಸ್ಕೃತಜ್ಞರೊಬ್ಬರು ಆಡುಮಾತಿನ ಚಕಾರ ಜಕಾರಗಳ ಉಚ್ಚಾರಣೆಗೂ ಅಷ್ಟೇ ಶ್ರದ್ಧೆಯಿಂದ ಕಿವಿಗೊಟ್ಟರೆಂಬುದೇ ನಮಗೆ ಅವರಲ್ಲಿ ಹಿರಿದಾಗಿ ತೋರುವುದು. ಪಾಣಿನಿಯನ್ನು ಓದಿದ ನಮ್ಮವರಲ್ಲಿ ಮನೆಮಾತನ್ನು ‘ಅಪಭ್ರಂಶ’ವೆಂದು ತಳ್ಳಿಬಿಡುವ ಚಾಳಿ ಹೆಚ್ಚು. ತಾನು ಕಂಡ ಭಾಷೆಯ ದೇಶಭೇದಗಳನ್ನು ಪಾಣಿನಿಯೇ ಸೂತ್ರಗಳಲ್ಲಿ ಗುರುತಿಸಿದ್ದಾನೆಂಬುದು ಅಂಥವರ ನೆನಪಿಗೆ ಬಾರದು.

ಮಕ್ಕಳು ಹಟ್ಟಿಯಿಂದ ಕಲಿತು ಬಂದ ನುಡಿಯನ್ನು ಗದರಿಸಿ ಬಿಡಿಸುವ ಹಿರಿಯರು ಈ ಸೀಮೆಯಲ್ಲಿ ಈಗಲೂ ಉಂಟು. ಅಂಥವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು: ತಮಿಳರು ಬರೆಯುವಾಗ ‘ಇಳನೀರ್’ ಎನ್ನುವರು, ಮನೆಯಲ್ಲಿ ಮಾತನಾಡುವಾಗ ಅವರ ಬಾಯಲ್ಲಿಯೂ ಎಕಾರವೇ ಕೇಳಿಬರುವುದು.