ಉಕ್ಕನ್ನು ಕೊರೆಯುವ ಜ್ವಾಲೆ

ರಿವಾಲ್ವರಿನಲ್ಲಿ ತೋಟಾಗಳನ್ನು ಹೊತ್ತ ಉರುಳೆ ತಿರುಗಬೇಕಾದರೆ ಅದಕ್ಕೂ ನಳಿಕೆಗೂ ನಡುವೆ ಸಂದು ಇರಲೇಬೇಕು. ಅದರ ಅಗಲ ಸಾಮಾನ್ಯವಾಗಿ 0.1ರಿಂದ 0.25 ಮಿಲಿಮೀಟರ್. ಗುಂಡು ಈ ಸಂದನ್ನು ದಾಟಿದೊಡನೆ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮಿ, ಮೇಲಿನ ಉಕ್ಕಿನ ಪಟ್ಟಿಯಲ್ಲಿ ಗೀರು ಕೊರೆಯುತ್ತದೆ. ಇದೇ ಜ್ವಾಲಾ ಸವೆತ.

ಅಮೆರಿಕದಲ್ಲಿ 1935ರಲ್ಲಿ ಬಂದ .357 ಮ್ಯಾಗ್ನಂ ತೋಟಾದ ಗರಿಷ್ಠ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 2,400 ಪಟ್ಟು. ಅನಿಲದ ಉಷ್ಣತೆ 2,500 ಕೆಲ್ವಿನ್‌ಗೂ ಹೆಚ್ಚು. ಉಕ್ಕು ಸುಮಾರು 1,800 ಕೆಲ್ವಿನ್‌ನಲ್ಲೇ ಕರಗುತ್ತದೆ. ಹಾಗಾದರೆ ಇಡೀ ಪಟ್ಟಿಯೇ ಏಕೆ ಕರಗುವುದಿಲ್ಲ? ಅನಿಲ ತಾಗುವುದು ಸುಮಾರು ಒಂದು ಮಿಲಿಸೆಕೆಂಡ್ ಮಾತ್ರ. ಉಷ್ಣ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಅಷ್ಟರಲ್ಲಿ ಅದು ಸುಮಾರು 0.1 ಮಿಲಿಮೀಟರ್ ಅಷ್ಟೇ ಇಳಿಯುತ್ತದೆ. ಮೆತ್ತಗಾದ ಹೊರಪದರವನ್ನು ಅನಿಲವೂ ಮದ್ದಿನ ಕಣಗಳೂ ಉಜ್ಜಿ ಒಯ್ಯುತ್ತವೆ. ಗೀರು ಆಳವಾದಂತೆ ಸವೆತ ನಿಧಾನವಾಗುತ್ತದೆ.

ನಳಿಕೆಯ ಹಿಂಬಾಯಿಯ ಸ್ಥಿತಿ ಬೇರೆ. ಮಧ್ಯಮ ಚೌಕಟ್ಟಿನ ಕೆಲವು ರಿವಾಲ್ವರುಗಳಲ್ಲಿ ಅದರ ಕೆಳಭಾಗ ತೆಳು. 125 ಗ್ರೇನ್, ಅಂದರೆ 8.1 ಗ್ರಾಂ ಗುಂಡಿನ ತೀವ್ರ ತೋಟಾಗಳಿಂದ ಅಲ್ಲಿ ಬಿರುಕು ಬಿಟ್ಟದ್ದುಂಟು. ಕಾರಣವೇನು? ಅದೇ ಒತ್ತಡದ ಮಿತಿಯಲ್ಲಿ ಹಗುರ ಗುಂಡಿಗೆ ಹೆಚ್ಚು ಮದ್ದು ಹಿಡಿಯುತ್ತದೆ. ಗಿಡ್ಡವಾದ್ದರಿಂದ ಅದು ಸಂದನ್ನು ಬೇಗ ದಾಟಿ, ಒತ್ತಡ ಹೆಚ್ಚಿರುವಾಗಲೇ ಅನಿಲಕ್ಕೆ ದಾರಿ ಬಿಡುತ್ತದೆ.

ಆದ್ದರಿಂದ ಅಲ್ಲಿ ತೋಟಾಗಳನ್ನು ಕೈಯಾರೆ ತುಂಬುವ ಹವ್ಯಾಸಿಗಳು 158 ಗ್ರೇನ್, ಅಂದರೆ 10.2 ಗ್ರಾಂ ಗುಂಡನ್ನೂ ಮಿತವಾದ ಮದ್ದನ್ನೂ ಆರಿಸಿದರೆ ಸವೆತ ತಗ್ಗುತ್ತದೆ. ನೈಟ್ರೋಗ್ಲಿಸರಿನ್ ಹೆಚ್ಚಿರುವ ಮದ್ದಿನ ಜ್ವಾಲೆ ಇನ್ನೂ ಬಿಸಿ ಎಂಬುದನ್ನೂ ಗಮನಿಸಬೇಕು. ಆದರೆ ಪ್ರಕಟಿತ ಕೋಷ್ಟಕದ ಕನಿಷ್ಠಕ್ಕಿಂತ ಮದ್ದನ್ನು ಇಳಿಸುವಂತಿಲ್ಲ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡರೆ ಮುಂದಿನ ಹೊಡೆತಕ್ಕೆ ನಳಿಕೆಯೇ ಒಡೆಯಬಹುದು.