ಸರ್ವರಿನ ಪ್ರೊಸೆಸರಿಗೆ ಮುಪ್ಪು ಬರುವುದೇ?

ಅಹಮದಾಬಾದಿನ ಅಂಚಿನ ಬೋಪಾಲಿನಲ್ಲಿ ನೆಲೆಸಿರುವ ಕನ್ನಡಿಗ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. (ಇದು ಮಧ್ಯಪ್ರದೇಶದ ಭೋಪಾಲವಲ್ಲ, ಹಿಂದೆ ಗ್ರಾಮವಾಗಿದ್ದು ಈಗ ಮಹಾನಗರದೊಳಗೆ ಸೇರಿಹೋಗಿರುವ ಬಡಾವಣೆ.) ಅವರ ಕಚೇರಿಯ ಸರ್ವರು ಮೇ ತಿಂಗಳು ಬಂತೆಂದರೆ ಮಂದಗತಿಯನ್ನು ಹಿಡಿಯುತ್ತದೆ, ನೋಡಲು ಬಂದವರು ಪ್ರೊಸೆಸರು ಹಳೆಯದಾಯಿತು, ಹೊಸದನ್ನು ಹಾಕಿಸಿ ಎಂದು ಹೇಳಿ ಹೋಗುತ್ತಾರೆ. ಚಲಿಸುವ ಒಂದಾದರೂ ಭಾಗವಿಲ್ಲದ ಸಿಲಿಕಾನಿನ ಬಿಲ್ಲೆಯೊಂದು ಸವೆಯುವುದೆಂತು, ಸವೆದರೂ ಬೇಸಿಗೆಯಲ್ಲಿ ಮಾತ್ರವೇ ಸವೆಯುವುದೆಂತು ಎಂಬುದು ಅವರ ಸಂಶಯ. ಅದು ನ್ಯಾಯವಾದ ಸಂಶಯವೇ ಸರಿ.

ಪ್ರಶ್ನೆ ಬೋಪಾಲಿನಿಂದ ಬಂದುದು ನನಗೆ ವಿಶೇಷ ಸಂತೋಷವನ್ನುಂಟುಮಾಡಿತು. ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದ ಆವರಣವೊಂದು ಆ ಊರಿನಲ್ಲಿದೆ. ಹವಾಮಾನ ಮತ್ತು ಸಾಗರಗಳನ್ನು ಕುರಿತ ಉಪಗ್ರಹದತ್ತಾಂಶದ ಭಂಡಾರವಾದ 'ಮಾಸ್ಡಾಕ್' ಇರುವುದು ಅಲ್ಲಿಯೇ. ನಮ್ಮ ಹಾಸನದ ನಿಯಂತ್ರಣ ಕೇಂದ್ರವು ಕಣ್ಣಿಟ್ಟು ಕಾಯುತ್ತಿರುವ ಇನ್ಸಾಟ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಿಂದ ಅರ್ಧ ಗಂಟೆಗೊಮ್ಮೆ ತೆಗೆದು ಕಳುಹಿಸುವ ಚಿತ್ರಗಳು ಅಲ್ಲಿಗೆ ಬಂದಿಳಿದು, ಸಂಸ್ಕಾರಗೊಂಡು, ಮೇಘಗಳ ಉಷ್ಣತೆಯಾಗಿ, ಗಾಳಿಯ ವೇಗವಾಗಿ ರೂಪಾಂತರವನ್ನು ಹೊಂದುತ್ತವೆ. 2023ರ ಜೂನ್ 15ರಂದು ಬಿಪರ್ಜಾಯ್ ಚಂಡಮಾರುತವು ಕಚ್ಛದ ಜಖೌ ಬಂದರಿನ ಬಳಿ ನೆಲವನ್ನು ಮುಟ್ಟಿದಾಗ, ಇಂಥ ಚಿತ್ರಗಳನ್ನು ಲೆಕ್ಕಕ್ಕೆ ಇಳಿಸುವ ಯಂತ್ರಗಳು ಒಂದು ಗಳಿಗೆ ನಿಲ್ಲುವುದೂ ಸಲ್ಲದಾಗಿತ್ತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ಇದೇ ಅಹಮದಾಬಾದಿನಲ್ಲಿ ಸಂಶೋಧನೆಯನ್ನು ಕೈಗೊಂಡ ಬಾಹ್ಯಾಕಾಶ ವಿಜ್ಞಾನಿ ಯು. ಆರ್. ರಾಯರನ್ನು ನೆನೆದರೆ, ಈ ನಗರಕ್ಕೂ ಕನ್ನಡಿಗರಿಗೂ ಇರುವ ನಂಟು ಹೊಸದಲ್ಲವೆಂಬುದು ತಿಳಿಯುತ್ತದೆ. ನಿಲ್ಲದೆ ನಡೆಯಬೇಕಾದ ಆ ಯಂತ್ರಗಳ ಮಾತಿಗೆ ಮರಳಿದರೆ, ಮನೆಯ ಕಂಪ್ಯೂಟರನ್ನು ರಾತ್ರಿ ಆರಿಸುತ್ತೇವೆ, ಸರ್ವರನ್ನಾದರೋ ಆರಿಸುವಂತಿಲ್ಲ. ಅದರ ಪ್ರೊಸೆಸರಿನ ಕಷ್ಟಗಳೆಲ್ಲ ಈ ಒಂದು ಭೇದದಿಂದಲೇ ಮೊದಲಾಗತಕ್ಕವು.

ವಾಚಕರ ಪ್ರಶ್ನೆಗೆ ನೇರವಾದ ಉತ್ತರವಿಷ್ಟು: ಪ್ರೊಸೆಸರು ವಯಸ್ಸಾದ ಕಾರಣದಿಂದ ನಿಧಾನವಾಗುವುದಿಲ್ಲ, ಬಿಸಿಯಾದ ಕಾರಣದಿಂದ ತಾನಾಗಿಯೇ, ಉದ್ದೇಶಪೂರ್ವಕವಾಗಿ, ನಿಧಾನಿಸುತ್ತದೆ. ಅದರೊಳಗೆ ಹುದುಗಿರುವ ತಾಪಮಾಪಕಗಳು ನಿಯತವಾದ ಮಿತಿಯನ್ನು, ಸಾಮಾನ್ಯವಾಗಿ 90ರಿಂದ 100 ಡಿಗ್ರಿಗಳ ನಡುವಿನ ಒಂದು ಅಂಕವನ್ನು, ಮುಟ್ಟಿದೊಡನೆ ಅದು ತನ್ನ ಗಡಿಯಾರದ ಬಡಿತವನ್ನು ಕುಗ್ಗಿಸಿಕೊಂಡು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಮಿತಿ 95 ಡಿಗ್ರಿಯೆಂದೂ ಒಳಬರುವ ಗಾಳಿ 25 ಡಿಗ್ರಿಯೆಂದೂ ಇಟ್ಟುಕೊಂಡರೆ ಉಷ್ಣವನ್ನು ಹೊರಕ್ಕೆ ನೂಕುವ ಅಂತರ 70 ಡಿಗ್ರಿ, ಎ.ಸಿ. ಸೋತು ಕೊಠಡಿಯ ಗಾಳಿ 45 ಡಿಗ್ರಿಗೆ ಏರಿದರೆ ಉಳಿಯುವುದು 50 ಮಾತ್ರ. ಪ್ರೊಸೆಸರಿನ ಉಷ್ಣವನ್ನು ಹೀರಿ ಗಾಳಿಗೆ ಬಿಡುವ ಅದೇ ಹೀಟ್‌ಸಿಂಕು, ಅದೇ ಫ್ಯಾನು, ಆದರೆ ಹೊರಹಾಕಬಲ್ಲ ಉಷ್ಣ ಮಾತ್ರ ಏಳರಲ್ಲಿ ಐದು ಪಾಲಿಗೆ ಇಳಿಯಿತು. 2016ರ ಮೇ 20ರಂದು 48 ಡಿಗ್ರಿಯನ್ನು ಕಂಡ ಅಹಮದಾಬಾದಿನಲ್ಲಿ ಈ ಲೆಕ್ಕ ಕೇವಲ ಕಾಗದದ ಮೇಲಿನದಲ್ಲ.

ಇಷ್ಟು ಉಷ್ಣ ಎಲ್ಲಿಂದ ಬಂತು? 1971ರಲ್ಲಿ ಬಂದ ಇಂಟೆಲ್ 4004 ಪ್ರೊಸೆಸರಿನಲ್ಲಿದ್ದುವು ಸುಮಾರು 2,300 ಟ್ರಾನ್ಸಿಸ್ಟರುಗಳು. ಅದು ಬಳಸುತ್ತಿದ್ದುದು ಹೆಚ್ಚೆಂದರೆ ಒಂದು ವಾಟಿನಷ್ಟು. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡರೂ ಅವರ ಸಂಗಡಿಗರೂ ಒಂದು ಸುಂದರವಾದ ನಿಯಮವನ್ನು ತೋರಿಸಿಕೊಟ್ಟರು. ಟ್ರಾನ್ಸಿಸ್ಟರಿನ ಗಾತ್ರವನ್ನು ಕುಗ್ಗಿಸುವಾಗ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ಚದರ ಮಿಲಿಮೀಟರಿಗೆ ತಗಲುವ ಶಕ್ತಿ ಹೆಚ್ಚದೆಯೇ ವೇಗವು ವರ್ಧಿಸುತ್ತಾ ಹೋಗುತ್ತದೆಂಬುದು ಅದರ ಸಾರ. ಮೂರು ದಶಕಗಳ ಕಾಲ ಗಣಕೋದ್ಯಮವು ಈ ನಿಯಮದ ನೆರಳಿನಲ್ಲಿ ಸುಖವಾಗಿ ಬೆಳೆಯಿತು. ಸುಮಾರು 2005ರ ವೇಳೆಗೆ, ತೀರ ಕಿರಿದಾದ ಟ್ರಾನ್ಸಿಸ್ಟರುಗಳು ಮುಚ್ಚಿದಾಗಲೂ ವಿದ್ಯುತ್ತನ್ನು ಸೋರಲು ಬಿಡುವುದರಿಂದ, ವೋಲ್ಟೇಜನ್ನು ಇನ್ನೂ ಕುಗ್ಗಿಸುವುದು ಅಸಾಧ್ಯವಾಗಿ ನೆರಳು ಸರಿಯಿತು. ವೇಗವನ್ನು ಹೆಚ್ಚಿಸಲಾರದೆ, ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರುಗಳ ಸಂಖ್ಯೆಯನ್ನು ಹೆಚ್ಚಿಸಿದರು. 2022ರಲ್ಲಿ ಹೊರಬಂದ ಎಎಂಡಿ ಎಪಿಕ್ 9654ರಲ್ಲಿ 96 ಕೋರುಗಳು. ಅದಕ್ಕೆ ನಿಗದಿಯಾದ ಶಕ್ತಿ 360 ವಾಟ್. ಜಾಹೀರಾತುಗಳಲ್ಲಿ ಕಾಣುವುದು ಮೊದಲನೆಯ ಅಂಕ. ಯಂತ್ರದ ಬಾಳನ್ನು ನಿರ್ಣಯಿಸುವುದು ಎರಡನೆಯದು, ಅದರಲ್ಲಿಯೂ ಆ ಉಷ್ಣ ಹೊರಡುವ ದಾರಿ.

ಆ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಸ್ಥಳವೆಂದರೆ ಪ್ರೊಸೆಸರಿನ ಲೋಹದ ಮುಚ್ಚಳವೂ ಹೀಟ್‌ಸಿಂಕಿನ ಬುಡವೂ ಸೇರುವ ಸಂಧಿ. ಇದನ್ನು ಬೇಲೂರಿನ ಗುಡಿಯ ಮುಂದೆ ನಿಂತು ಯೋಚಿಸಿದರೆ ಚೆನ್ನಾಗಿ ಅರ್ಥವಾಗುತ್ತದೆ. ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನ ಮುಖಗಳನ್ನು ಉಜ್ಜಿ, ನಯಗೊಳಿಸಿ, ಗಾರೆಯ ಹಂಗಿಲ್ಲದೆ ಒಂದನ್ನೊಂದು ಕೂಡಿಸಿದರು. ಕಲ್ಲು ಕಲ್ಲನ್ನೇ ಮುಟ್ಟಿ ಭಾರವನ್ನು ಹೊತ್ತಿತು. ಅಷ್ಟು ನಯವಿಲ್ಲದ ಕಲ್ಲಿನಿಂದ ಗೋಡೆಯನ್ನು ಎಬ್ಬಿಸುವವನಿಗೆ ಗಾರೆ ಬೇಕು. ಬೇಕಾದುದು ಕಲ್ಲುಗಳ ನಡುವಣ ಏರುತಗ್ಗುಗಳನ್ನು ತುಂಬುವಷ್ಟೇ ಹೊರತು, ಕಲ್ಲಿಗೆ ಬದಲಾಗಿ ಗಾರೆಯೇ ನಿಲ್ಲುವಷ್ಟಲ್ಲ. ಗಾರೆ ದಪ್ಪವಾದಷ್ಟೂ ಗೋಡೆ ದುರ್ಬಲವೆಂಬುದನ್ನು ಬಲ್ಲ ಕೆಲಸಗಾರನು ಅದನ್ನು ತೆಳುವಾಗಿ ಹಾಸಿ, ಮೇಲಿನ ಕಲ್ಲನ್ನು ಒತ್ತಿ ಕೂರಿಸಿ, ಹೆಚ್ಚಾದುದು ತಾನಾಗಿ ಹೊರಕ್ಕೆ ಬರುವಂತೆ ಮಾಡುತ್ತಾನೆ. ಮುಚ್ಚಳಕ್ಕೂ ಹೀಟ್‌ಸಿಂಕಿಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟಿನ ಶಾಸ್ತ್ರವೆಲ್ಲ ಇಷ್ಟೇ. ಕಣ್ಣಿಗೆ ಕನ್ನಡಿಯಂತೆ ಕಾಣುವ ತಾಮ್ರದ ಮುಖವೂ ಸೂಕ್ಷ್ಮದರ್ಶಕದ ಕೆಳಗೆ ಗುಡ್ಡ ಕಣಿವೆಗಳ ನಾಡು. ಎರಡು ಮುಖಗಳು ಶಿಖರಗಳಲ್ಲಿ ಮಾತ್ರ ಮುಟ್ಟುತ್ತವೆ, ಕಣಿವೆಗಳಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರದ ಉಷ್ಣವಾಹಕತೆ (ಮೀಟರು-ಕೆಲ್ವಿನ್ನಿಗೆ ಇಷ್ಟು ವಾಟ್ ಎಂಬ ಅಳತೆಯಲ್ಲಿ) ಸುಮಾರು 400 ಎಂದಾದರೆ ಒಳ್ಳೆಯ ಪೇಸ್ಟಿನದು ಐದಾರು, ನಿಂತ ಗಾಳಿಯದು 0.026. ಪೇಸ್ಟು ಗಾಳಿಗಿಂತ ಇನ್ನೂರು ಪಟ್ಟು ಮೇಲು, ತಾಮ್ರಕ್ಕಿಂತ ಎಪ್ಪತ್ತೆಂಬತ್ತು ಪಟ್ಟು ಕೀಳು. ಆದುದರಿಂದ ಅದನ್ನು ಉದಾರವಾಗಿ ಬಳಿಯುವ ಕೈ ಉಪಕಾರವನ್ನು ಮಾಡುತ್ತಿಲ್ಲ. ಈ ಸಂಧಿಯ ಬೆಲೆಯನ್ನು ಹಿಂದಿನವರು ಎಷ್ಟು ಬಲ್ಲವರಾಗಿದ್ದರೆಂದರೆ, 1980ರಲ್ಲಿ ಪ್ರಕಟವಾದ ಐಬಿಎಂ 3081 ಗಣಕದಲ್ಲಿ ಪ್ರತಿಯೊಂದು ಚಿಪ್ಪಿನ ಬೆನ್ನಿಗೂ ಸ್ಪ್ರಿಂಗಿನಿಂದ ಒತ್ತಿದ ಒಂದೊಂದು ಲೋಹದ ಕೊಂತವನ್ನಿಟ್ಟು, ಉಳಿದ ತೆರಪಿನಿಂದ ಗಾಳಿಯನ್ನು ಹೊರಗಟ್ಟಿ, ಅದಕ್ಕಿಂತ ಆರು ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುವ ಹೀಲಿಯಮನ್ನು ತುಂಬಿದ್ದರು.

ಇನ್ನು ಕೂರಿಸುವ ಕ್ರಮ. ಹಿಂದೆ ಸೂಜಿಗಳು ಪ್ರೊಸೆಸರಿನ ಹೊಟ್ಟೆಯಲ್ಲಿರುತ್ತಿದ್ದುವು. ಈಗಿನ ಸರ್ವರುಗಳಲ್ಲಿ ಅವು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿದ್ದು, ಕೂದಲಿನಷ್ಟು ನವುರಾದ ಬಾಗಿದ ಸ್ಪ್ರಿಂಗುಗಳಾಗಿವೆ, ಪ್ರೊಸೆಸರಿನ ತಳದಲ್ಲಿ ಚಿನ್ನ ಲೇಪಿಸಿದ ಚುಕ್ಕೆಗಳು ಮಾತ್ರ ಉಳಿದಿವೆ. ಮೇಲೆ ಹೇಳಿದ ಎಪಿಕ್‌ಗೆ ಇಂಥ 6,096 ಸಂಪರ್ಕಗಳು. ಬೆರಳು ತಗಲಿ ಒಂದು ಸ್ಪ್ರಿಂಗು ಬಾಗಿದರೂ ಬೋರ್ಡಿನ ಕಥೆ ಮುಗಿಯಬಹುದು. 2017ರ ಎಪಿಕ್ ಸಾಕೆಟ್ಟಿನ ಚೌಕಟ್ಟಿನಲ್ಲಿ ಮೂರು ಸ್ಕ್ರೂಗಳಿಗೆ 1, 2, 3 ಎಂದು ಅಂಕಿಯನ್ನೇ ಕೆತ್ತಿದ್ದಾರೆ. ಬಿಗಿಸುವಾಗ ಆ ಕ್ರಮ, ಸಡಿಲಿಸುವಾಗ ಅದರ ವಿಲೋಮ, ಬಿಗಿತಕ್ಕೆ ಅಳತೆಯಿಟ್ಟ ಟಾರ್ಕ್ ಸ್ಕ್ರೂಡ್ರೈವರು. ಇದು ತಯಾರಕರ ಅತಿನಿಯಮವೆಂದು ಭಾವಿಸಬಾರದು. ಒಂದು ಮೂಲೆಯಲ್ಲಿ ಒತ್ತಡ ಕಡಿಮೆಯಾದರೆ ಅಲ್ಲಿನ ಸಂಪರ್ಕಗಳು ತಪ್ಪಿ, ಸರ್ವರು ಆರಂಭವಾದರೂ ಹಾಕಿದ ಮೆಮೊರಿಯಲ್ಲಿ ಒಂದು ಭಾಗ ಲೆಕ್ಕಕ್ಕೆ ಸಿಗದೆ ಹೋಗುತ್ತದೆ; ಮೆಮೊರಿಯ ಪಟ್ಟಿಯೇ ಕೆಟ್ಟಿತೆಂದು ಅದನ್ನು ಬದಲಾಯಿಸಿದವರ ಸಂಖ್ಯೆ ಸಣ್ಣದಿರಲಾರದು. ಗುಜರಾತಿನ ಒಣಹವೆಯಲ್ಲಿ ಸ್ಥಾಯಿವಿದ್ಯುತ್ತಿನ ಭಯವೂ ಹೆಚ್ಚು: ಚುರ್ರೆಂದು ನಮ್ಮ ಚರ್ಮಕ್ಕೆ ತಿಳಿಯಬೇಕಾದರೆ ಸುಮಾರು 3,000 ವೋಲ್ಟು ಬೇಕು, ಸೂಕ್ಷ್ಮವಾದ ಬಿಡಿಭಾಗವು ಅದಕ್ಕಿಂತ ಎಷ್ಟೋ ಕೆಳಗೆಯೇ ಹಾಳಾಗಿರುತ್ತದೆ. ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿಯನ್ನು ಕಟ್ಟದೆ ಪೆಟ್ಟಿಗೆಯನ್ನು ತೆರೆಯತಕ್ಕದ್ದಲ್ಲ.

ಕೂರಿಸಿದ ಮೇಲಿನ ಪೋಷಣೆ ಸರಳ, ಆದರೆ ಅದನ್ನು ಮಾಡುವವರು ವಿರಳ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಮೆತ್ತಿಕೊಳ್ಳುತ್ತದೆ. ದಿನೇದಿನೇ ಕಟ್ಟಡಗಳು ಏಳುತ್ತಿರುವ ಬೋಪಾಲಿನಂಥ ಊರಿನಲ್ಲಿ ಅದು ಬೇಗ ಮೆತ್ತಿಕೊಳ್ಳುತ್ತದೆ. ಬಿಸಿ ತಂಪುಗಳ ಆವರ್ತನದಲ್ಲಿ ಲೋಹಗಳು ಹಿಗ್ಗಿ ಕುಗ್ಗುವುದರಿಂದ ಪೇಸ್ಟು ಸ್ವಲ್ಪ ಸ್ವಲ್ಪವಾಗಿ ಅಂಚಿಗೆ ಸರಿದು, ಒಣಗಿ, ಕಣಿವೆಗಳಿಗೆ ಗಾಳಿ ಮರಳುತ್ತದೆ. ಹೀಟ್‌ಸಿಂಕನ್ನು ತೆಗೆದಾಗಲೆಲ್ಲ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಾಕಬೇಕು. ಒಳಬರುವ ಗಾಳಿಯನ್ನು 18ರಿಂದ 27 ಡಿಗ್ರಿಯೊಳಗೆ ಇಡಬೇಕು. ಸರ್ವರು ಬರೆದಿಡುವ ಉಷ್ಣತೆಯ ದಾಖಲೆಯನ್ನು ತಿಂಗಳಿಗೊಮ್ಮೆಯಾದರೂ ಓದಬೇಕು. ವಾಚಕರ ಸರ್ವರಿಗೆ ಹೊಸ ಪ್ರೊಸೆಸರಿಗಿಂತ ಮೊದಲು ಬೇಕಾದುದು ಈ ಶುಶ್ರೂಷೆ.

ಹಾಗಾದರೆ ಮುಪ್ಪೆಂಬುದು ಇಲ್ಲವೇ ಇಲ್ಲವೇ? ಇದೆ; ಅದರ ರೂಪ ಬೇರೆ. ಸೂಕ್ಷ್ಮವಾದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ಮೆಲ್ಲಗೆ ತಳ್ಳಿಕೊಂಡು ಹೋಗುತ್ತವೆಂಬುದನ್ನು ಜೇಮ್ಸ್ ಬ್ಲ್ಯಾಕ್ 1969ರಲ್ಲಿಯೇ ಸಮೀಕರಣದಲ್ಲಿ ಹಿಡಿದಿಟ್ಟರು. ಉಷ್ಣ ಏರಿದಂತೆ ಈ ಸವೆತವೂ ತೀವ್ರವಾಗುತ್ತದೆ. ಹೀಗೆ ಸವೆದ, ಅಥವಾ ತಯಾರಿಕೆಯಲ್ಲಿಯೇ ಕೊರತೆಯುಳಿದ ಕೋರು ಯಾವಾಗಲೂ ಸದ್ದುಮಾಡಿ ಸಾಯುವುದಿಲ್ಲ. 2021ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್ಕಿನ ಎಂಜಿನಿಯರುಗಳು ಪ್ರಕಟಿಸಿದ ಎರಡು ಪ್ರಬಂಧಗಳು ಈ ವಿಷಯದಲ್ಲಿ ನಮ್ಮ ಕಣ್ಣನ್ನು ತೆರೆಸಿದುವು. ಫೇಸ್‌ಬುಕ್ಕಿನವರು ಹುಡುಕಿ ಹಿಡಿದ ಒಂದು ಕೋರು 1.1ರ 52ನೆಯ ಘಾತವನ್ನು ಸರಿಯಾಗಿ 142 ಎಂದು ಗುಣಿಸಿ, 53ನೆಯ ಘಾತದ ಪೂರ್ಣಾಂಕವನ್ನು ಕೇಳಿದರೆ 156ರ ಬದಲು ಸೊನ್ನೆಯೆಂದು ಹೇಳುತ್ತಿತ್ತು. ಎಚ್ಚರಿಕೆಯ ಸಂದೇಶವೂ ಇಲ್ಲ, ದಾಖಲೆಯಲ್ಲಿ ದೋಷದ ಸುಳಿವೂ ಇಲ್ಲ. ಆ ಸೊನ್ನೆಯನ್ನು ಕಡತದ ಗಾತ್ರವೆಂದು ನಂಬಿದ ತಂತ್ರಾಂಶವು ಆ ಕಡತಗಳನ್ನು ಬರೆಯದೆಯೇ ಬಿಟ್ಟಿತು. ಮೆಮೊರಿಯ ತಪ್ಪನ್ನು ತಿದ್ದಲು ಇಸಿಸಿ ಎಂಬ ಸಂಕೇತವ್ಯವಸ್ಥೆಯುಂಟು. ಕೋರಿನೊಳಗಣ ಗುಣಾಕಾರದ ತಪ್ಪಿಗೆ ಅಷ್ಟು ಅಗ್ಗವಾದ ಕಾವಲಿಲ್ಲ. ಉತ್ತರ ಗೊತ್ತಿರುವ ಲೆಕ್ಕಗಳನ್ನು ಪ್ರತಿಯೊಂದು ಕೋರಿಗೂ ಆಗಾಗ ಕೊಟ್ಟು ಪರೀಕ್ಷಿಸಿ, ತಪ್ಪಿದ ಕೋರನ್ನು ಸೇವೆಯಿಂದ ಹೊರಗಿಡುವುದೇ ದೊಡ್ಡ ಸಂಸ್ಥೆಗಳು ಈಗ ಅನುಸರಿಸುತ್ತಿರುವ ಮಾರ್ಗ.