ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಹತ್ತಿಬಟ್ಟೆಯಿಂದುಂಟಾಗುವ ಗಡ್ಡೆಗಳು

ಹೊಲ, ತೋಟ, ಕುರಿಹಟ್ಟಿಗಳ ಕಾವಲಿಗೆ ನಾಯಿಯಷ್ಟು ನಂಬಿಕೆಯ ಪ್ರಾಣಿಯು ಮತ್ತೊಂದಿಲ್ಲ. ಹೆಣ್ಣುನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವ ಪದ್ಧತಿಯು ಬಳಕೆಗೆ ಬಂದಿರುವುದರಿಂದಲೂ, 2023ನೆಯ ಇಸವಿಯ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೇರೆಗೆ ಬೀದಿನಾಯಿಗಳಿಗೂ ಇದನ್ನು ಮಾಡಿಸುವ ಭಾರವು ಸ್ಥಳೀಯ ಸಂಸ್ಥೆಗಳ ಮೇಲಿರುವುದರಿಂದಲೂ, ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ತಿಳಿದಿರುವುದು ಅವಶ್ಯಕವು.

ಉದರವನ್ನು ಕೊಯ್ದಾಗ ರಕ್ತವನ್ನು ಒರಸಲು ಹತ್ತಿಯ ಜಾಳುಬಟ್ಟೆಯ ತುಂಡುಗಳನ್ನು ಉಪಯೋಗಿಸುವರು. ರಕ್ತದಲ್ಲಿ ತೊಯ್ದ ತುಂಡು ಒಳಗಿನ ಅಂಗಗಳ ನಡುವೆ ಗುರುತು ಸಿಕ್ಕದಿರುವುದರಿಂದ, ಎಣಿಕೆ ತಪ್ಪಿದಲ್ಲಿ ಅದು ಒಳಗೇ ಉಳಿದುಬಿಡುವುದುಂಟು. ಹತ್ತಿಯ ನೂಲು ಶರೀರದಲ್ಲಿ ಕರಗತಕ್ಕದ್ದಲ್ಲ. ಶರೀರವು ಅದನ್ನು ಪರವಸ್ತುವೆಂದೆಣಿಸಿ, ಸುತ್ತಲೂ ನಾರಿನಂತಹ ಗಟ್ಟಿ ಮಾಂಸವನ್ನು ಬೆಳೆಸಿ ಮುಚ್ಚುವುದು. ಇದೇ ಕಾಲಕ್ರಮದಲ್ಲಿ ಗಡ್ಡೆಯಾಗುವುದು. ವೈದ್ಯರು ಇದನ್ನು ಗಾಸಿಪಿಬೋಮಾ ಎನ್ನುವರು. ಹತ್ತಿಯ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿರುವ ಗಾಸಿಪಿಯಂ ಎಂಬ ಹೆಸರೇ ಇದಕ್ಕೆ ಮೂಲವು.

ಈ ಗಡ್ಡೆಯು ಚಿಕಿತ್ಸೆಯಾದ ಕೆಲವು ತಿಂಗಳುಗಳ, ಕೆಲವು ವೇಳೆ ವರ್ಷಗಳ ತರುವಾಯ ಹೊರಬೀಳಬಹುದು. ಆಹಾರ ಸೇರದಿರುವುದು, ವಾಂತಿ, ಮೈ ಇಳಿಯುವುದು, ಹೊಟ್ಟೆಯಲ್ಲಿ ಕೈಗೆ ಸಿಕ್ಕುವ ಗಂಟು, ಪಕ್ಕೆಯಲ್ಲಿ ಕೀವು ಸುರಿಯುವ ಹುಣ್ಣು ಇವೇ ಲಕ್ಷಣಗಳು. ಔಷಧ ಕೊಟ್ಟಾಗ ಹುಣ್ಣು ಮಾಯ್ದಂತೆ ಕಂಡು, ನಿಲ್ಲಿಸಿದ ಮೇಲೆ ಮರಳಿ ಬಂದರೆ ವಿಶೇಷವಾಗಿ ಸಂದೇಹಪಡಬೇಕು.

ಇಂತಹ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬಟ್ಟೆಯೊಡನೆ ಗಡ್ಡೆಯನ್ನು ತೆಗೆದುಹಾಕಿದರೆ ನಾಯಿಯು ಗುಣಹೊಂದಬಹುದು. ಆದರೆ ಬಹುಕಾಲ ಉಳಿದ ಬಟ್ಟೆಯ ಸುತ್ತ ಸಾರ್ಕೋಮಾ ಎಂಬ ನಿಜವಾದ ಕ್ಯಾನ್ಸರ್ ಹುಟ್ಟಿದ ನಿದರ್ಶನಗಳೂ ನಾಯಿಗಳಲ್ಲಿ ವಿರಳವಾಗಿ ದಾಖಲಾಗಿವೆ. ಆದುದರಿಂದ ಎರಡು ತಪ್ಪುಗಳನ್ನು ಮಾಡಕೂಡದು. ಗಡ್ಡೆಯನ್ನು ಕಂಡೊಡನೆ ವಾಸಿಯಾಗದ ರೋಗವೆಂದು ನಾಯಿಯನ್ನು ಕೈಬಿಡುವುದು ಒಂದು. ತಾನಾಗಿಯೇ ಕರಗೀತೆಂದು ಕಾಲಹರಣ ಮಾಡುವುದು ಮತ್ತೊಂದು.

ಪಶುವೈದ್ಯರ ಬಳಿಗೆ ಒಯ್ದಾಗ, ಹಿಂದೆ ಆದ ಶಸ್ತ್ರಚಿಕಿತ್ಸೆಯನ್ನೂ ಅದರ ಕಾಲವನ್ನೂ ತಪ್ಪದೆ ತಿಳಿಸತಕ್ಕದ್ದು. ಬೀದಿನಾಯಿಯಾದಲ್ಲಿ ಕಿವಿಯನ್ನು ಕತ್ತರಿಸಿದ ಗುರುತನ್ನು ನೋಡಬೇಕು. ಕ್ಷ-ಕಿರಣಕ್ಕೆ ಕಾಣುವ ಎಳೆಯುಳ್ಳ ಬಟ್ಟೆಯಾದರೆ ಚಿತ್ರದಲ್ಲಿ ಸುಲಭವಾಗಿ ಗೋಚರಿಸುವುದು. ಬರಿಯ ಹತ್ತಿಯಾದರೆ ಅಲ್ಟ್ರಾಸೌಂಡ್ ಪರೀಕ್ಷೆಯು ಸಹಾಯಕವು.

ಎಲ್ಲಕ್ಕಿಂತ ಮೊದಲು ನಿವಾರಣೋಪಾಯವೇ ಮೇಲು. ಬಟ್ಟೆಯ ತುಂಡುಗಳನ್ನು ಆರಂಭದಲ್ಲಿ ಎಣಿಸಿ, ಹೊಲಿಗೆ ಹಾಕುವ ಮುನ್ನ ಮತ್ತೆ ಎಣಿಸಿ ಲೆಕ್ಕವನ್ನು ಬರೆದಿಡುವ ಕ್ರಮವಿದೆಯೇ ಎಂದು, ಈ ಕಾರ್ಯವನ್ನು ವಹಿಸಿಕೊಡುವ ಮುಖಂಡರು ವಿಚಾರಿಸತಕ್ಕದ್ದು. ಎಣಿಕೆಗೆ ಹಿಡಿಯುವ ಹೊತ್ತು ಅಲ್ಪವು. ಅದು ತಪ್ಪಿದರೆ ಮೂಕಪ್ರಾಣಿಯು ಎರಡನೆಯ ಸಲ ಕೊಯ್ತಕ್ಕೆ ಒಳಗಾಗಬೇಕಾಗುವುದು.